ಒಂದೇ ಮಾಡೆಲ್ ನಂಬರ್, ಒಳಗೆ ಬೇರೆ ಬೋರ್ಡ್: 4 ವರ್ಷ ಬಳಸಿದ ಇ-ರೀಡರ್

ರಾತ್ರಿ ಊಟ ಮುಗಿದರೆ ನಮ್ಮ ಮನೆಯಲ್ಲಿ ರೀಡರ್ ಅಮ್ಮನದು. ಗೋಡೆಗೆ ಒರಗಿ ಕೂತು, ಅಕ್ಷರ ದೊಡ್ಡದು ಮಾಡಿ, ಲೈಟನ್ನು ಹಳದಿಗೆ ಇಳಿಸಿಕೊಂಡರೆ ಹತ್ತು ಗಂಟೆವರೆಗೆ ಯಾರು ಕರೆದರೂ ಓಗೊಡುವುದಿಲ್ಲ. ಕಂಪನಿಯ ಸಾಫ್ಟ್‌ವೇರ್ ಇದ್ದಾಗ ಈ ಸುಖ ಇರಲಿಲ್ಲ. ಒತ್ತಕ್ಷರಗಳು ಒಡೆದು ಪಕ್ಕಪಕ್ಕ ನಿಲ್ಲುತ್ತಿದ್ದವು, ಎರಡು ಪುಟ ಓದುವಷ್ಟರಲ್ಲಿ ಅಮ್ಮನಿಗೆ ತಲೆನೋವು. ಅದಕ್ಕೇ ಪೋಸ್ಟ್‌ಮಾರ್ಕೆಟ್‌ಓಎಸ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂ (ಓಎಸ್) ಹಾಕಿ, ಮೇಲೆ ಕೆಓರೀಡರ್ ಎಂಬ ಓದುವ ಆ್ಯಪ್ ಕೂರಿಸಿದೆ. ಅಕ್ಷರ ಜೋಡಿಸಲು ಅದು ಹಾರ್ಫ್‌ಬಜ್ ಎಂಬ ಸಾಫ್ಟ್‌ವೇರ್ ಬಳಸುತ್ತದೆ. ಒತ್ತು, ದೀರ್ಘ ಎಲ್ಲವೂ ತಮ್ಮ ಜಾಗದಲ್ಲಿ.

ನನಗೂ ಒಂದಿರಲಿ ಅಂತ ಹೋದ ವರ್ಷ ಅದೇ ಮಾಡೆಲನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡೆ. ಹೊಸದಕ್ಕೆ ನನ್ನ ಬಜೆಟ್ ಸಾಲದು. ಹಿಂಬದಿಯಲ್ಲಿ ಅದೇ ನಂಬರ್. ಇದರ ಸ್ಟೋರೇಜ್ ಅಂದರೆ ಬೋರ್ಡಿಗೆ ಸಿಕ್ಕಿಸಿದ ಮೈಕ್ರೋಎಸ್‌ಡಿ ಕಾರ್ಡೇ, ಹಾಗಾಗಿ ಹಳೆಯದರ ಕಾರ್ಡನ್ನು ಇಡಿಯಾಗಿ ನಕಲು ಮಾಡಿ ಹಾಕಿದೆ. ಪರದೆ ಬಂತು. ಟಚ್ ಸತ್ತಿತ್ತು. ಬ್ಯಾಟರಿ ಸೊನ್ನೆ ಅಂತ ತೋರಿಸಿತು.

ಎರಡು ವಾರದ ರಾತ್ರಿಗಳು ಅದಕ್ಕೇ ಹೋದವು. ಮೂಲ ಕಾರ್ಡ್ ಹಾಕಿ ಬೂಟ್ ಲಾಗ್ (ಆನ್ ಆಗುವಾಗ ಯಂತ್ರ ಬರೆಯುವ ದಾಖಲೆ) ತೆಗೆದು ಹಳೆಯದರ ಪಕ್ಕ ಇಟ್ಟಾಗ ಗೊತ್ತಾಯಿತು: ಪವರ್ ನೋಡಿಕೊಳ್ಳುವ ಚಿಪ್ಪೇ ಬೇರೆ, ಟಚ್ ಚಿಪ್ ಇನ್ನೊಂದು ಐ2ಸಿ ಬಸ್ಸಿಗೆ, ಅಂದರೆ ಬೋರ್ಡಿನ ಚಿಪ್‌ಗಳು ಮಾತಾಡಿಕೊಳ್ಳುವ ತಂತಿಜಾಲದ ಇನ್ನೊಂದು ಸಾಲಿಗೆ, ಹೋಗಿದೆ. ಯುಎಸ್‌ಬಿಗೆ ಚುಚ್ಚಿದ ವಸ್ತು ತಾನು ಯಾರೆಂದು ಹೇಳಿಕೊಳ್ಳುತ್ತದೆ. ಐ2ಸಿ ಚಿಪ್ ಹೇಳುವುದಿಲ್ಲ. ಯಾವ ಬಸ್ಸು, ಯಾವ ವಿಳಾಸ ಎಂದು ಡಿವೈಸ್ ಟ್ರೀ ಎಂಬ, ಲಿನಕ್ಸಿಗೆ ಹಾರ್ಡ್‌ವೇರ್ ಪರಿಚಯಿಸುವ ಫೈಲಿನಲ್ಲಿ ಮೊದಲೇ ಬರೆದಿರಬೇಕು. ಕಂಪನಿಯ ಸಾಫ್ಟ್‌ವೇರ್ ಮಾತ್ರ ಕಾರ್ಖಾನೆಯಲ್ಲೇ ಕಾರ್ಡಿನ ಆರಂಭದಲ್ಲಿ ಬರೆದಿಟ್ಟ ಹಾರ್ಡ್‌ವೇರ್ ವಿವರ ಓದಿಕೊಂಡು ಹೊಂದಿಕೊಳ್ಳುತ್ತದೆ. ನನ್ನ ನಕಲಿನಲ್ಲಿ ಆ ವಿವರವೂ ಹಳೆಯದರದ್ದೇ, ಪರದೆಯ ವೇವ್‌ಫಾರ್ಮೂ (ಚುಕ್ಕೆಗಳನ್ನು ಬದಲಿಸಲು ಎಷ್ಟು ವಿದ್ಯುತ್ ಹೇಗೆ ಕೊಡಬೇಕೆಂಬ ಪಟ್ಟಿ) ಹಳೆಯದರದ್ದೇ. ತಿರುಗಿಸಿದ ಪುಟದ ನೆರಳು ಅಳಿಯದೆ ನಿಲ್ಲುತ್ತಿದ್ದುದು ಅದರಿಂದ.

ಕೋಬೋ ಕ್ಲಾರಾ ಎಚ್‌ಡಿ, ಟೋಲಿನೋ ಶೈನ್ 3 ಎಂಬ ಎರಡು ಇ-ರೀಡರ್‌ಗಳಲ್ಲೂ ಇರುವುದು ಇ60ಕೆ02 ಎಂಬ ಒಂದೇ ಬೋರ್ಡ್. ಪ್ರೊಸೆಸರ್ ಮಾತ್ರ ಮೊದಲನೆಯದರಲ್ಲಿ ಐ.ಎಂಎಕ್ಸ್ 6ಎಸ್‌ಎಲ್‌ಎಲ್, ಎರಡನೆಯದರಲ್ಲಿ 6ಎಸ್‌ಎಲ್. ಲಿನಕ್ಸಿನ ತಿರುಳಾದ ಕರ್ನಲ್ ಬೋರ್ಡಿನ ಒಂದೇ ಡಿವೈಸ್ ಟ್ರೀ ಫೈಲನ್ನು ಎರಡಕ್ಕೂ ಬಳಸುತ್ತದೆ. ಅಲ್ಲಿ ಹೆಸರಾದರೂ ಬೇರೆ, ಹುಡುಕಿದರೆ ಸಿಗುತ್ತದೆ. ನನ್ನ ರೀಡರಿನ ಕಂಪನಿ ಚಿಪ್ ಬದಲಿಸಲಿ, ನನ್ನ ತಕರಾರಿಲ್ಲ. ನಂಬರಿನ ಕೊನೆಗೆ ಒಂದಕ್ಷರ ಸೇರಿಸಲು ಏನು ಕಷ್ಟವಿತ್ತು?

ಡಿವೈಸ್ ಟ್ರೀಯಲ್ಲಿ ಬಸ್ಸಿನ ಸಾಲು ತಿದ್ದಿದ ಮೇಲೆ ಟಚ್ ಬಂತು. ವೇವ್‌ಫಾರ್ಮನ್ನು ಮೂಲ ಕಾರ್ಡಿನಿಂದ ತಂದು ಹಾಕಿದೆ, ಪುಟ ಕನ್ನಡಿಯಷ್ಟು ಸ್ವಚ್ಛವಾಯಿತು. ಬ್ಯಾಟರಿ ಲೆಕ್ಕ ಇವತ್ತಿಗೂ ಬಂದಿಲ್ಲ. ಕೊನೆಗೆ ಮೂಲ ಸಾಫ್ಟ್‌ವೇರನ್ನೇ ಉಳಿಸಿಕೊಂಡು ಅದರ ಮೇಲೆ ಕೆಓರೀಡರ್ ಓಡಿಸುತ್ತಿದ್ದೇನೆ. ಓದುವುದಕ್ಕೆ ಏನೂ ಕಡಿಮೆಯಿಲ್ಲ, ಬೆಳಗಿನ ಕಾಫಿಯ ಹೊತ್ತಿಗೆ ಒಂದು ಅಧ್ಯಾಯ ಮುಗಿಯುತ್ತದೆ. ಬೇರೆ ಓಎಸ್ ಹಾಕುವ ಆಸೆಯಿಂದ ಕೊಳ್ಳುವವರು ಮಾರುವವರಿಂದ ಬೂಟ್ ಲಾಗ್ ಕೇಳಿ ನೋಡಿ. ಬಿಚ್ಚಿದ ತಕ್ಷಣ, ಬೇರೇನೂ ಮಾಡುವ ಮುಂಚೆ, ಮೂಲ ಕಾರ್ಡಿನ ಪೂರ್ತಿ ಇಮೇಜ್ ತೆಗೆದಿಡಿ. ಅಮ್ಮನ ರೀಡರಿನದು ನನ್ನ ಹತ್ತಿರ ಎರಡು ಡಿಸ್ಕಿನಲ್ಲಿದೆ.