ಬಂಗಾರಪೇಟೆಯಲ್ಲಿ ಶುರು, ವೈಟ್‌ಫೀಲ್ಡ್‌ಗೆ ಮುಗಿತು: 12 ಪುಟ್ಟ ಚರಿತ್ರೆ ಪುಸ್ತಕಗಳ ಸೆಟ್ ಬಗ್ಗೆ

ಮೊದಲೇ ಹೇಳಿಬಿಡ್ತೀನಿ, ನಾನು ಚರಿತ್ರೆ ಓದಿದವನಲ್ಲ. ಓದಿದ್ದು ಐಟಿಐ, ಕೆಲಸ ವೈಟ್‌ಫೀಲ್ಡ್ ಹತ್ತಿರ. ಮಾರಿಕುಪ್ಪಂ ಕಡೆಯಿಂದ ಬರುವ ಬೆಳಗಿನ ರೈಲಿಗೆ ಬಂಗಾರಪೇಟೆಯಲ್ಲಿ ಹತ್ತಿ ದಿನಾ ಹೋಗಿ ಬರುವವನು. ಸೀಟು ಸಿಕ್ಕರೆ ನಿದ್ದೆ, ಸಿಗದಿದ್ದರೆ ಫೋನು. ಎರಡು ತಿಂಗಳ ಹಿಂದೆ ಕೋಲಾರದಲ್ಲಿ ಒಂದು ಪುಸ್ತಕ ಮಾರಾಟಕ್ಕೆ ಮಗನ ಜೊತೆ ಹೋಗಿದ್ದೆ. ಅಲ್ಲಿ ಈ ಸೆಟ್ ಕಂಡಿತು. ಹನ್ನೆರಡು ಪುಸ್ತಕ, ಒಂದೊಂದೂ 40 ಪುಟ, ಅಂಗಿ ಜೇಬಿನಲ್ಲಿ ಹಿಡಿಸುವ ಸೈಜು. ಬಿಡಿಯಾಗಿ 60 ರೂಪಾಯಿ, ಸೆಟ್ ತಗೊಂಡರೆ 600. ಪ್ರಕಾಶಕರ ಹೆಸರು ಹಾಕುತ್ತಿಲ್ಲ. ಬೈಗುಳವೂ ಇದೆ, ಹೊಗಳಿಕೆಯೂ ಇದೆ, ಎರಡಕ್ಕೂ ನನ್ನ ತಲೆ ಕೊಡೋದು ಬೇಡ ಅಂತ.

ಒಂದು ಪುಸ್ತಕ ಒಂದು ಪ್ರಯಾಣಕ್ಕೆ ಸರಿಯಾಗಿ ಸಾಕು. ಬಂಗಾರಪೇಟೆಯಲ್ಲಿ ತೆರೆದರೆ ಟೇಕಲ್, ಮಾಲೂರು, ದೇವನಗೊಂದಿ ದಾಟಿ ವೈಟ್‌ಫೀಲ್ಡ್ ಬರೋ ಹೊತ್ತಿಗೆ ಕೊನೆ ಪುಟ. ಆದರೆ ಪಿನ್ ಹೊಡೆದಿರೋದು ಮಾತ್ರ ಕೆಟ್ಟದಾಗಿದೆ. ಮೂರು ಪುಸ್ತಕದಲ್ಲಿ ಮಧ್ಯದ ಹಾಳೆ ಮೊದಲ ದಿನವೇ ಕೈಗೆ ಬಂತು. ಸೆಟ್ಟಿನಲ್ಲಿ ಟೈಟಾನಿಕ್ ಎರಡು ಇತ್ತು, ಕೆಜಿಎಫ್ ಇರಲೇ ಇಲ್ಲ. ಫೋನ್ ಮಾಡಿದೆ. ತಕರಾರಿಲ್ಲದೆ ಕಳಿಸಿದರು, ಆದರೆ ಒಂಬತ್ತು ದಿನ ಹಿಡಿಯಿತು. ಎರಡನೇ ಟೈಟಾನಿಕ್ ವಾಪಸ್ ಕೇಳಲಿಲ್ಲ. ಅದು ಈಗ ನಮ್ಮ ಬೋಗಿಯ ಆಸ್ತಿ.

ಹೈದರಾಲಿ ಪುಸ್ತಕದಿಂದ ಶುರು ಮಾಡ್ತೀನಿ. ಸೆಟ್ಟಿಗೆ ಕೊಟ್ಟ ದುಡ್ಡು ಅದೊಂದರಲ್ಲೇ ಬಂದುಬಿಟ್ಟಿತು. ಹೈದರಾಲಿ ಹುಟ್ಟಿದ್ದು ನಮ್ಮ ತಾಲ್ಲೂಕಿನ ಬೂದಿಕೋಟೆಯಲ್ಲಿ ಅನ್ನೋದು ಇಲ್ಲಿ ಎಲ್ಲರಿಗೂ ಗೊತ್ತು. ಅಷ್ಟಕ್ಕೇ ನಿಲ್ಲುತ್ತದೆ ನಮ್ಮ ಜ್ಞಾನ. ಈ ಪುಸ್ತಕ ಹುಟ್ಟಿನಿಂದ ಶುರು ಆಗೋದೇ ಇಲ್ಲ. ಸಾವಿನಿಂದ ಶುರು. 1782ರ ಡಿಸೆಂಬರ್ 7, ಚಿತ್ತೂರಿನ ಹತ್ತಿರ ದಂಡಿನ ಬೀಡು, ಇಂಗ್ಲಿಷರ ಜೊತೆ ಯುದ್ಧ ಇನ್ನೂ ನಡೀತಾ ಇದೆ, ಬೆನ್ನ ಮೇಲಿನ ಹುಣ್ಣಿನಿಂದ ಹೈದರಾಲಿ ಸತ್ತಿದ್ದಾನೆ, ಮಗ ಟಿಪ್ಪು ಇರೋದು ದೂರದ ಮಲಬಾರಿನಲ್ಲಿ. ಸುದ್ದಿ ಹೊರಗೆ ಬಿದ್ದರೆ ದಂಡು ಚೆಲ್ಲಾಪಿಲ್ಲಿ. ಆಗ ಹೈದರನ ಮಂತ್ರಿಗಳಾದ ಪೂರ್ಣಯ್ಯ, ಕೃಷ್ಣರಾವ್ ಏನು ಮಾಡಿದರು ಗೊತ್ತಾ? ಹೆಣವನ್ನು ಸುಗಂಧ ದ್ರವ್ಯ ತುಂಬಿದ ದೊಡ್ಡ ಪೆಟ್ಟಿಗೆಯಲ್ಲಿಟ್ಟು, ಖಜಾನೆ ಸಾಗಿಸುವ ಹಾಗೆ ಕಾವಲು ಹಾಕಿ, ಕೋಲಾರಕ್ಕೆ ಕಳಿಸಿದರು. ಹೌದು, ನಮ್ಮ ಕೋಲಾರಕ್ಕೆ. ಹೈದರನ ತಂದೆ ಫತೇ ಮಹಮ್ಮದನ ಗೋರಿ ಇರೋ ಮಕ್ಬರಾಕ್ಕೆ. ಇತ್ತ ದಂಡು ಹೊರಟಾಗ ಪರದೆ ಮುಚ್ಚಿದ ಪಲ್ಲಕ್ಕಿ ದಿನದ ಹಾಗೇ ಹೊರಡುತ್ತಿತ್ತು, ಸುತ್ತ ಅದೇ ಪರಿವಾರ. ನೋಡಿದವರು ಯಜಮಾನರಿಗೆ ಹುಷಾರಿಲ್ಲ, ಒಳಗೆ ಮಲಗಿದ್ದಾರೆ ಅಂದುಕೊಂಡರು. ಮಧ್ಯೆ ಒಂದು ಪಿತೂರಿಯೂ ನಡೀತು, ಟಿಪ್ಪುವಿನ ತಮ್ಮನನ್ನು ಪಟ್ಟಕ್ಕೆ ಕೂರಿಸೋಣ ಅಂತ. ಅದೂ ಸಿಕ್ಕಿಬಿತ್ತು. ಟಿಪ್ಪು ಬಂದ, ಅಧಿಕಾರ ಹಿಡಿದ. ಆಮೇಲೆ ಹೆಣವನ್ನು ಕೋಲಾರದಿಂದ ಶ್ರೀರಂಗಪಟ್ಟಣಕ್ಕೆ ಒಯ್ದರು. ಈಗ ಗುಂಬಜ್‌ನಲ್ಲಿ ಇರೋದು ಅದೇ.

ಇದನ್ನು ಓದುತ್ತಾ ಇದ್ದಾಗ ಮಾಲೂರು ಬಂದದ್ದೇ ಗೊತ್ತಾಗಲಿಲ್ಲ. ಮಕ್ಬರಾದ ಮುಂದೆ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ಆ ಭಾನುವಾರ ಮಗನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋದೆ. ಅವನು ಒಳಗೆ ಕಾಲಿಟ್ಟ ಕೂಡಲೇ ಕೇಳಿದ್ದು ಒಂದೇ, 'ಅಪ್ಪಾ, ಪೆಟ್ಟಿಗೆ ಎಲ್ಲಿಟ್ಟಿದ್ರು?' ಪುಸ್ತಕದಲ್ಲಿ ಒಂದು ನಕ್ಷೆ ಇಲ್ಲ, ಒಂದು ಫೋಟೋ ಇಲ್ಲ. ಚಿತ್ತೂರಿಂದ ಕೋಲಾರಕ್ಕೆ ಪೆಟ್ಟಿಗೆ ಬಂದ ದಾರಿ ಒಂದು ಗೆರೆ ಎಳೆದು ತೋರಿಸಿದ್ದರೆ ಎಷ್ಟು ಚೆನ್ನಾಗಿರ್ತಿತ್ತು. ಇನ್ನೊಂದು, ಹೈದರ್ ಹುಟ್ಟಿದ ವರ್ಷ 1722 ಅಂತ ಮೊಳೆ ಹೊಡೆದ ಹಾಗೆ ಹಾಕಿದ್ದಾರೆ. ಕೆಲವರು 1720 ಅನ್ನುತ್ತಾರೆ, ಕೆಲವರು 1721. 'ಸುಮಾರು' ಅನ್ನೋ ಒಂದು ಪದ ಹಾಕೋಕೆ ಏನು ಕಷ್ಟ?

ಈಗ ಇದರ ಪಕ್ಕ ವಿಶ್ವೇಶ್ವರಯ್ಯನವರ ಪುಸ್ತಕ ಇಡಿ. ಬೇಜಾರಾಗುತ್ತೆ. ಮುದ್ದೇನಹಳ್ಳಿಯಲ್ಲಿ ಹುಟ್ಟಿದರು, ಓದಿದರು, ಖಡಕ್‌ವಾಸ್ಲಾದಲ್ಲಿ ಗೇಟ್ ಹಾಕಿದರು, 1912ರಲ್ಲಿ ದಿವಾನರಾದರು, 1955ರಲ್ಲಿ ಭಾರತ ರತ್ನ, 1962ರಲ್ಲಿ ತೀರಿಕೊಂಡರು. ಇದು ಚರಿತ್ರೆ ಅಲ್ಲ, ಬಯೋಡೇಟಾ. ಗಂಡಿನ ಕಡೆಯವರಿಗೆ ಕಳಿಸೋ ಪಟ್ಟಿ ಇದ್ದ ಹಾಗಿದೆ. ಎಲ್ಲಕ್ಕಿಂತ ಸಿಟ್ಟು ಬಂದಿದ್ದು ಹೈದರಾಬಾದಿನ ವಿಷಯಕ್ಕೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಊರೊಳಗೆ ನುಗ್ಗಿತು. ಸಾವಿರಾರು ಜನ ಸತ್ತರು. ನದಿ ದಡದ ಒಂದು ಹುಣಸೆ ಮರ ಹತ್ತಿ ಸುಮಾರು 150 ಜನ ಜೀವ ಉಳಿಸಿಕೊಂಡರಂತೆ. ಆ ಮರ ಈಗಲೂ ಉಸ್ಮಾನಿಯಾ ಆಸ್ಪತ್ರೆ ಹತ್ತಿರ ಇದೆ. ಅದಾದ ಮೇಲೆ ನಿಜಾಮರು ವಿಶ್ವೇಶ್ವರಯ್ಯನವರನ್ನು ಕರೆಸಿದರು. ಮೇಲ್ಗಡೆ ಜಲಾಶಯ ಕಟ್ಟಿ ನೀರು ತಡೆಯೋ ಯೋಜನೆ ಮಾಡಿದ್ದು ಅವರು. ಪುಸ್ತಕದಲ್ಲಿ ಇದಕ್ಕೆ ಸಿಕ್ಕಿರೋದು ಒಂದು ಸಾಲು. ಒಂದೇ ಒಂದು. ಮರದ ಸುದ್ದಿಯೇ ಇಲ್ಲ, ನನಗೆ ಗೊತ್ತಾಗಿದ್ದು ಹೈದರಾಬಾದಿನಲ್ಲಿರೋ ಭಾವಮೈದನಿಂದ. ಆ ಒಂದು ರಾತ್ರಿ ಮೇಲೆ 40 ಪುಟ ಬರೆದಿದ್ದರೆ ಮನುಷ್ಯ ಎಂಥವರು ಅನ್ನೋದು ತಾನಾಗೇ ಗೊತ್ತಾಗುತ್ತಿತ್ತು, ಅಲ್ವಾ?

ಹನ್ನೆರಡನ್ನೂ ಓದಿದ ಮೇಲೆ ನನಗೆ ಅನಿಸಿದ್ದು ಇಷ್ಟೇ. ಒಂದು ದಿನ, ಒಂದು ರಾತ್ರಿ ಹಿಡಿದು ಕೂತ ಪುಸ್ತಕಗಳು ಗೆದ್ದಿವೆ. ತೊಟ್ಟಿಲಿಂದ ಗೋರಿವರೆಗೆ ಓಡಿದವು ಏದುಸಿರು ಬಿಟ್ಟಿವೆ.

ನೆಪೋಲಿಯನ್ ಓಡಿದ ಗುಂಪಿಗೆ ಸೇರಿದವನು. 1769ರಿಂದ 1821ರವರೆಗೆ ಒಂದೇ ಓಟ. ಅವನು ಕೊನೆಗೆ ಸೋತ ವಾಟರ್ಲೂ ಯುದ್ಧಕ್ಕೆ ಒಂದೂವರೆ ಪುಟ. ಹಿಂದಿನ ರಾತ್ರಿ ಮಳೆ ಹೊಡೆದು ನೆಲ ಕೆಸರಾಗಿ, ಒಣಗಲಿ ಅಂತ ಕಾದು, ದಾಳಿ ತಡವಾಗಿ, ಸಂಜೆಗೆ ಪ್ರಷ್ಯದ ದಂಡು ಬಂದು ಸೇರಿಕೊಂಡ ಕತೆ ಅದು. ಕೆಸರು ಅಂದರೆ ಏನು ಅಂತ ರೈತರ ಮಕ್ಕಳಿಗೆ ಹೇಳಿಕೊಡಬೇಕಾ? ಸ್ವಲ್ಪ ಬಿಡಿಸಿ ಹೇಳಿದ್ದರೆ ಕಣ್ಣಿಗೆ ಕಟ್ಟುತ್ತಿತ್ತು. ಭಾಷೆಯೂ ಇಂಗ್ಲಿಷಿನಿಂದ ಎತ್ತಿ ತಂದಿದ್ದು ಅಂತ ಗೊತ್ತಾಗಿಬಿಡುತ್ತೆ. ಯುದ್ಧದ ನಡುವೆ ನೆಪೋಲಿಯನ್ 'ಬೆಕ್ಕಿನ ನಿದ್ದೆ' ಮಾಡುತ್ತಿದ್ದನಂತೆ. ನಮ್ಮ ಕಡೆ ಅದು ಕೋಳಿನಿದ್ದೆ ಕಣ್ರೀ. ಎದುರು ಸೀಟಿನವರಿಗೆ ಓದಿ ಹೇಳಿದೆ, ದೇವನಗೊಂದಿವರೆಗೂ ನಕ್ಕರು.

ಟೈಟಾನಿಕ್ ಗೆದ್ದಿದೆ. ಸಿನಿಮಾ ನೋಡಿದವರಿಗೆ ಹೊಸದೇನಿದೆ ಅಂತ ನಾನೂ ಮೂಗು ಮುರಿದಿದ್ದೆ. ಪುಸ್ತಕ ಪೂರ್ತಿ ದೋಣಿಗಳ ಲೆಕ್ಕದ ಮೇಲೆ ನಿಂತಿದೆ. ಹಡಗಿನಲ್ಲಿ ಸುಮಾರು 2,200 ಜನ. ದೋಣಿ 20, ಅದರಲ್ಲಿ ಹಿಡಿಸೋದು 1,178 ಜನ. ಅಷ್ಟಾದರೂ ತುಂಬಿದವಾ? ಮೊದಲು ಇಳಿಸಿದ ದೋಣಿಯಲ್ಲಿ 65 ಜನಕ್ಕೆ ಜಾಗ, ಹತ್ತಿದ್ದು 28. ಹಡಗು ಮುಳುಗುತ್ತೆ ಅಂತ ಯಾರೂ ನಂಬಿರಲೇ ಇಲ್ಲ. ಹತ್ತಿರದಲ್ಲೇ ಕ್ಯಾಲಿಫೋರ್ನಿಯನ್ ಅನ್ನೋ ಹಡಗು ನಿಂತಿತ್ತು, ಅದರ ವೈರ್‌ಲೆಸ್ ಆಪರೇಟರ್ ಡಿಕ್ಕಿಗೆ ಸ್ವಲ್ಪ ಮುಂಚೆ ಯಂತ್ರ ಆರಿಸಿ ಮಲಗಲು ಹೋಗಿದ್ದ. ಈ ಜಾಗ ಓದುವಾಗ ನನಗೆ ನಿಜಕ್ಕೂ ಹೊಟ್ಟೆಯಲ್ಲಿ ಒಂಥರಾ ಆಯ್ತು.

1914ರ ಸರಾಯೇವೊ ಪುಸ್ತಕವೂ ಒಂದು ದಿನದ್ದೇ, ಮೊದಲ ಮಹಾಯುದ್ಧಕ್ಕೆ ಕಿಡಿ ಹಚ್ಚಿದ ಆಸ್ಟ್ರಿಯದ ಯುವರಾಜನ ಕೊಲೆಯದ್ದು, ಚೆನ್ನಾಗಿದೆ. ಬೆಳಿಗ್ಗೆ ಎಸೆದ ಬಾಂಬ್ ಗುರಿ ತಪ್ಪುತ್ತೆ, ಆಮೇಲೆ ಕಾರು ತಪ್ಪು ದಾರಿಗೆ ತಿರುಗಿ, ಹಿಂದಕ್ಕೆ ತೆಗೆಯೋಕೆ ನಿಂತ ಜಾಗದಲ್ಲೇ ಗುಂಡು ಹೊಡೆದ ಪ್ರಿನ್ಸಿಪ್ ನಿಂತಿರುತ್ತಾನೆ. ಇಲ್ಲಿವರೆಗೆ ಸರಿ. ಆದರೆ ಅವನು ಆಗ ಸ್ಯಾಂಡ್‌ವಿಚ್ ತಿನ್ನುತ್ತಿದ್ದ ಅಂತ ಬರೆದುಬಿಟ್ಟಿದ್ದಾರೆ. ಅದು ಇತ್ತೀಚೆಗೆ ಹುಟ್ಟಿದ ಕಟ್ಟುಕತೆ, ಆ ಕಾಲದ ಸಾಕ್ಷಿಗಳಲ್ಲಿ ಎಲ್ಲೂ ಇಲ್ಲ. ಸಣ್ಣ ಪುಸ್ತಕ ಅಂದಮೇಲೆ ಒಂದು ಸುಳ್ಳೂ ದೊಡ್ಡದಾಗಿ ಕಾಣುತ್ತೆ. ಫ್ರಾನ್ಸಿನ ರಾಣಿ ಮಾರಿ ಆಂಟೊನೆಟ್ ಪುಸ್ತಕದಲ್ಲಿ 'ಬ್ರೆಡ್ ಇಲ್ಲದಿದ್ದರೆ ಕೇಕ್ ತಿನ್ನಲಿ' ಮಾತನ್ನು ಆಕೆ ಹೇಳಿದ್ದಕ್ಕೆ ಆಧಾರವಿಲ್ಲ ಅಂತ ಸರಿಯಾಗೇ ಬರೆದಿದ್ದಾರೆ. ಅಂದರೆ ಕೆಲಸ ಗೊತ್ತಿದ್ದವರು ಅಲ್ಲಿ ಯಾರೋ ಇದ್ದಾರೆ. ಎಲ್ಲ ಪುಸ್ತಕವನ್ನೂ ಅವರ ಕೈಗೆ ಕೊಡಬೇಕಿತ್ತು.

ಕೆಜಿಎಫ್ ಪುಸ್ತಕ ಬಂದ ದಿನ ರೈಲಿನಲ್ಲಿ ನನ್ನ ಕೈಯಲ್ಲಿ ಉಳಿಯಲೇ ಇಲ್ಲ. ಊರ್ಗಾಂನಲ್ಲಿ ಹತ್ತುವವರೊಬ್ಬರು ಇದ್ದಾರೆ, ಅವರ ತಂದೆ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. ಅವರೇ ಕಿತ್ತುಕೊಂಡು ಓದಿದರು. ಶುರು ಭಾಗ ಅವರಿಗೂ ಹಿಡಿಸಿತು. ಟಿಪ್ಪು ಸತ್ತ ಮೇಲೆ ಗಡಿ ಅಳೆಯೋಕೆ ಬಂದ ಇಂಗ್ಲಿಷರ ಅಧಿಕಾರಿ ವಾರನ್, ಚಿನ್ನ ತೋರಿಸಿದವರಿಗೆ ಬಹುಮಾನ ಅಂದಿದ್ದು, ಹಳ್ಳಿಯವರು ಗಾಡಿ ತುಂಬ ಮಣ್ಣು ತಂದು ಅವನ ಕಣ್ಣ ಮುಂದೆ ತೊಳೆದು ಚಿನ್ನ ತೋರಿಸಿದ್ದು. ಎಪ್ಪತ್ತು ವರ್ಷ ಆದಮೇಲೆ ಆ ವರದಿ ಓದಿ ಎತ್ತಿನ ಗಾಡಿ ಹತ್ತಿ ಬಂದ ಲ್ಯಾವೆಲ್. ಬೆಂಗಳೂರಿನ ಲ್ಯಾವೆಲ್ ರೋಡ್ ಅವನ ಹೆಸರಿನದೇ ಅಂತ ನನಗೆ ಗೊತ್ತಿರಲಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. 1902ರಲ್ಲಿ ಶಿವನಸಮುದ್ರದ ಕರೆಂಟು ಗಣಿಗೆ ಬಂತು, ಬೆಂಗಳೂರಿಗೆ ಬಂದಿದ್ದು 1905ರಲ್ಲಿ. ಇದನ್ನು ನಮ್ಮ ಬೋಗಿಯಲ್ಲಿ ಜೋರಾಗಿ ಓದಿಸಿದೆ, ಬೆಂಗಳೂರಿನವರು ಕೇಳಿಸಿಕೊಳ್ಳಲಿ ಅಂತ.

ಆದರೆ ಆ ಊರ್ಗಾಂನವರು ಪುಸ್ತಕ ಮುಚ್ಚಿ ಹೇಳಿದ್ದು ಬೇರೆ. 'ಇದರಲ್ಲಿ ಸಾಹೇಬರು ಎಲ್ಲಾ ಬಂದ್ರು, ನಮ್ಮಪ್ಪ ಬರಲೇ ಇಲ್ಲ' ಅಂದರು. ಸರಿ ಇದೆ ಮಾತು. ಮೂರು ಕಿಲೋಮೀಟರಿಗೂ ಜಾಸ್ತಿ ಆಳ ಅಂತ ಬರೆದಿದ್ದಾರೆ, ಆ ಆಳದಲ್ಲಿ ಬಂಡೆಯ ಬಿಸಿ ಹೇಗಿರುತ್ತೆ, ಬಂಡೆ ಸಿಡಿದಾಗ ಮೇಲೆ ಕಾಲೋನಿಯಲ್ಲಿ ಪಾತ್ರೆ ಅಲ್ಲಾಡಿದರೆ ಹೆಂಗಸರು ಏನು ಮಾಡುತ್ತಿದ್ದರು, ಇದೊಂದೂ ಇಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು ಅಂತ ಹೇಳಿ ಮುಗಿಸಿದ್ದಾರೆ. ಆ ದಿನ ಅವರ ತಂದೆ ಟಿಫನ್ ಕ್ಯಾರಿಯರ್ ತಂದು ಅಡುಗೆ ಮನೆ ಕಟ್ಟೆ ಮೇಲೆ ಇಟ್ಟವರು ಮತ್ತೆ ಅದನ್ನು ಮುಟ್ಟಲಿಲ್ಲವಂತೆ. ಪುಸ್ತಕಕ್ಕಿಂತ ಈ ಒಂದು ಮಾತು ನನಗೆ ಜಾಸ್ತಿ ನೆನಪಿದೆ.

ವಿದುರಾಶ್ವತ್ಥದ ಪುಸ್ತಕವನ್ನು ಮನೆಯವಳಿಗೆ ಕೊಟ್ಟೆ, ಅವಳ ತವರು ಗೌರಿಬಿದನೂರು ಕಡೆ. 1938ರ ಏಪ್ರಿಲ್ 25, ಕಾಂಗ್ರೆಸ್ ಬಾವುಟ ಹಾರಿಸಬಾರದು ಅನ್ನೋ ಆಜ್ಞೆ, ಆದರೂ ಸೇರಿದ ಜನ, ಪೊಲೀಸರ ಗುಂಡು. ಸತ್ತವರು ಸರ್ಕಾರದ ಲೆಕ್ಕಕ್ಕೆ 10, ಜನ ಹೇಳುವ ಲೆಕ್ಕ 30 ದಾಟುತ್ತೆ. ಪುಸ್ತಕ ಎರಡನ್ನೂ ಕೊಟ್ಟು, ಎರಡೂ ಯಾಕೆ ಬೇರೆ ಅಂತ ಸಮಾಧಾನವಾಗಿ ಹೇಳಿದೆ. ಆಮೇಲೆ ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಒಪ್ಪಂದ ಆಗಿ, ಮೈಸೂರಿನ ಬಾವುಟದ ಜೊತೆ ಕಾಂಗ್ರೆಸ್ ಬಾವುಟಕ್ಕೂ ಒಪ್ಪಿಗೆ ಸಿಕ್ಕಿದ್ದು. ಚಿಕ್ಕಂದಿನಿಂದ ನಾಗರಕಲ್ಲಿಗೆ ಹಾಲೆರೆಯೋಕೆ ಹೋಗ್ತಿದ್ದ ಜಾಗ ಅವಳಿಗೆ ಅದು. ಓದಿ ಮುಗಿಸಿ ಅಮ್ಮನಿಗೆ ಫೋನ್ ಮಾಡಿದಳು, ಮುಕ್ಕಾಲು ಗಂಟೆ.

ಉಳಿದವನ್ನು ಬೇಗ ಹೇಳ್ತೀನಿ. ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೆ ಊರಿನ ಪುಸ್ತಕ ಸೊಗಸಾಗಿದೆ. ಚಂದ್ರನ ಮೇಲೆ ಇಳಿದದ್ದು ಮಗನಿಗೆ ಇಷ್ಟ, ಇಳಿಯುವಾಗ ನೌಕೆಯ ಕಂಪ್ಯೂಟರ್ ಕೊಟ್ಟ ಎಚ್ಚರಿಕೆ ಅದರಲ್ಲಿದೆ, '1202 ಅಲಾರಂ' ಅಂತ ಮನೆ ತುಂಬ ಕೂಗಿಕೊಂಡು ಓಡಾಡ್ತಾನೆ. ಕಿತ್ತೂರು ಚೆನ್ನಮ್ಮ ಪರವಾಗಿಲ್ಲ, ಇಂಗ್ಲಿಷರ ಅಧಿಕಾರಿ ಥ್ಯಾಕರೆ ಸತ್ತ ದಿನದ ಭಾಗ ಬಿಟ್ಟರೆ ಶಾಲೆಯ ಭಾಷಣ. ಇನ್ನೊಂದರ ಬಗ್ಗೆ ಬರೆಯೋಕೆ ಏನೂ ಇಲ್ಲ.

ತಗೋಬೇಕಾ ಅಂತ ಕೇಳಿದರೆ, 600 ಕೊಟ್ಟು ಸೆಟ್ ಬೇಡ. ಬಿಡಿಯಾಗಿ ಹೈದರಾಲಿ, ವಿದುರಾಶ್ವತ್ಥ, ಟೈಟಾನಿಕ್, ಪಾಂಪೆ ತಗೊಳ್ಳಿ, 240 ಆಗುತ್ತೆ. ಬಂಗಾರಪೇಟೆಯಲ್ಲಿ ನಾಲ್ಕು ಜನ ಹೊಟ್ಟೆ ತುಂಬ ಪಾನಿಪೂರಿ ತಿಂದರೆ ಅಷ್ಟೇ ಖರ್ಚು. ಮನೆಗೆ ತಂದ ಕೂಡಲೇ ಪಿನ್ ತೆಗೆದು ದಾರದಲ್ಲಿ ಹೊಲಿದುಕೊಳ್ಳಿ. ನಾನು ಆಮೇಲೆ ಹಾಗೆ ಮಾಡಿದೆ. ಹೈದರಾಲಿಯನ್ನು ಮಾತ್ರ ಹೊಲಿಯೋಕೆ ಆಗಿಲ್ಲ. ಟೇಕಲ್‌ನಲ್ಲಿ ಹತ್ತುವವರೊಬ್ಬರು ಒಯ್ದು ಮೂರು ವಾರ ಆಯ್ತು, ಕೇಳಿದರೆ ಅವರ ಅತ್ತೆ ಓದ್ತಾ ಇದ್ದಾರಂತೆ.