ಫ್ಯಾನ್ ಕಿತ್ತಿದ್ದಕ್ಕೆ 9,500 ರೂಪಾಯಿ ಕೊಟ್ಟೆ: ‘ಸೈಲೆಂಟ್ ಆಡಿಯೋ ಪಿಸಿ’ ತಗೊಳ್ಳೋರು ದಯವಿಟ್ಟು ಓದಿ

ಬೈಯೋದಕ್ಕೆ ಅಂತ್ಲೇ ಬರೀತಿದೀನಿ. ಅರ್ಧ ಅಂಗಡಿಯವನಿಗೆ, ಅರ್ಧ ನನಗೇ. ಅಂಗಡಿ ಹೆಸರು ಹಾಕಲ್ಲ, ದೂರು ಕೊಟ್ಟಿದೀನಿ, ಅದು ಮುಗೀಲಿ. ಬೆಂಗಳೂರು ಎಸ್‌ಪಿ ರೋಡ್ ಅಂತ ಹೇಳಿದ್ರೆ ಸಾಕು, ಅಲ್ಲಿ ಒಳ್ಳೇ ಅಂಗಡಿಗಳೂ ಬೇಕಾದಷ್ಟಿವೆ. ನಾನು ಹುಡುಕಿಕೊಂಡು ಹೋಗಿದ್ದು ಮಾತ್ರ ಇವನನ್ನ.

ನಮ್ಮದು ಮೈಸೂರು. ನನ್ನ ಹೆಂಡತಿ ಮನೇಲೇ ವೀಣೆ ಪಾಠ ಹೇಳ್ತಾಳೆ. ಪಾಠಗಳನ್ನ ರೆಕಾರ್ಡ್ ಮಾಡಿ ಮಕ್ಕಳಿಗೆ ಕಳಿಸೋದು ನನ್ನ ಕೆಲಸ. ಹತ್ತಡಿ ಹನ್ನೆರಡಡಿ ಕೋಣೆ, ಸಣ್ಣ ಸದ್ದನ್ನೂ ಹಿಡಿಯೋ ಕಂಡೆನ್ಸರ್ ಮೈಕು, ಅದೇ ಕೋಣೇಲಿ ಕಂಪ್ಯೂಟರ್. ವೀಣೆ ಕೇಳೋರಿಗೆ ಗೊತ್ತು, ಮೀಟಿದ ಮೇಲೆ ತಂತಿ ಎಳೆದು ಗಮಕ ಕೊಡ್ತಾರಲ್ಲ, ಆ ಹೊತ್ತಿಗೆ ನಾದ ಸಣ್ಣಗಾಗ್ತಾ ಹೋಗಿರುತ್ತೆ. ಇರೋ ಸುಖವೆಲ್ಲ ಅಲ್ಲೇ. ಹಳೇ ಕಂಪ್ಯೂಟರಿನ ಫ್ಯಾನು ಸರಿಯಾಗಿ ಅಲ್ಲೇ ಬಂದು ‘ಗುಂಯ್’ ಅಂತ ಕೂರ್ತಿತ್ತು. ಅದಕ್ಕೇ ಫ್ಯಾನೇ ಇಲ್ಲದ ಮಿಷನ್ ಬೇಕು ಅಂತ ಹಟ ಹಿಡಿದಿದ್ದು ನಾನೇ.

ಅಂಗಡಿಯವನು ಮೊದಲ ಮಾತಿಗೇ “ಸಾರ್, ಆಡಿಯೋಗೆ ಫ್ಯಾನೇ ಶತ್ರು” ಅಂದ. ನನ್ನ ಮನಸ್ಸಲ್ಲಿದ್ದದ್ದನ್ನೇ ಹೇಳಿದ, ಕರಗಿಹೋದೆ. ಕಪ್ಪು ಕ್ಯಾಬಿನೆಟ್ ತೋರಿಸಿದ, ಎರಡೂ ಪಕ್ಕದಲ್ಲಿ ಹಾರ್ಮೋನಿಯಂ ಮಡಿಕೆ ಥರ ಅಲ್ಯೂಮಿನಿಯಂ ಫಿನ್‌ಗಳು. “ಪೂರ್ತಿ ಪ್ಯಾಸಿವ್ ಕೂಲಿಂಗ್ ಸಾರ್, ಝೀರೋ ಫ್ಯಾನ್. ಬಾಡಿನೇ ಹೀಟ್‌ಸಿಂಕ್, ಬಿಸಿಯೆಲ್ಲ ಅದೇ ಹೊರಗೆ ಬಿಡುತ್ತೆ. ಕಿವಿ ಇಟ್ಟು ಕೇಳಿ, ಸದ್ದಿದೆಯಾ?” ಬಗ್ಗಿ ಕಿವಿ ಇಟ್ಟೆ. “ಇಲ್ಲ” ಅಂದೆ. ಎಸ್‌ಪಿ ರೋಡಲ್ಲಿ, ಮಧ್ಯಾಹ್ನ ಹನ್ನೆರಡು ಗಂಟೆಗೆ, ತಲೆ ಮೇಲೆ ಎರಡು ಸೀಲಿಂಗ್ ಫ್ಯಾನು, ಹೊರಗೆ ಆಟೋ ಹಾರ್ನು, ಗೂಡ್ಸ್ ಗಾಡಿಯವನ ಬೈಗುಳ. ಅಲ್ಲಿ ಪಕ್ಕದಲ್ಲೇ ಮಿಕ್ಸಿ ತಿರುಗಿದ್ರೂ ನನಗೆ ಕೇಳಿಸ್ತಿರಲಿಲ್ಲ. ಆದ್ರೂ ‘ಇಲ್ಲ’ ಅಂದೆ, ದೊಡ್ಡ ಕಿವಿ ಇರೋನ ಥರ.

ಪ್ರೊಸೆಸರ್ ಐ5-12400. ಒಟ್ಟು ಬಿಲ್ 78,400. ಅದರೊಳಗೆ ಒಂದು ಸಾಲು: ‘ಸೈಲೆಂಟ್ ಆಡಿಯೋ ಮಾಡಿಫಿಕೇಶನ್, 9,500’. ಈ ಸಾಲು ನೆನಪಿಟ್ಕೊಳ್ಳಿ.

ಮೊದಲ ಎರಡು ವಾರ ಸ್ವರ್ಗ. ಫ್ಲ್ಯಾಕ್ ಫೈಲ್ (ಗುಣಮಟ್ಟ ಕಳ್ಕೊಳ್ಳದ ಹಾಡಿನ ಫೈಲ್) ಹಾಕಿ ಗಂಟೆಗಟ್ಟಲೆ ಕೇಳಿದ್ವಿ, ಒಂಚೂರು ತೊಂದರೆ ಇಲ್ಲ. ಇರೋದೂ ಇಲ್ಲ ಬಿಡಿ, ಹಾಡು ನುಡಿಸೋದು ಪ್ರೊಸೆಸರಿಗೆ ಕೆಲಸವೇ ಅಲ್ಲ, ಅದು ತೂಕಡಿಸ್ತಾ ಮಾಡಿಬಿಡುತ್ತೆ. ಅದು ಆಗ ಹೊಳೀಲಿಲ್ಲ. ಮನೆಗೆ ಬಂದೋರಿಗೆಲ್ಲ ಕ್ಯಾಬಿನೆಟ್ ಮೇಲೆ ಕೈ ಇಡಿಸಿ “ಮುಟ್ಟಿ ನೋಡಿ, ಎಷ್ಟು ತಣ್ಣಗಿದೆ!” ಅಂದೆ. ಷಡ್ಡಕನಿಗೂ ಶಿಫಾರಸು ಮಾಡಿದೆ. ಅವರು 5,000 ಅಡ್ವಾನ್ಸ್ ಬೇರೆ ಕೊಟ್ಟುಬಂದ್ರು. ಅಯ್ಯೋ.

ಏಪ್ರಿಲ್ ಮೂರನೇ ವಾರ ಹೆಂಡತಿಯ ಗುರುಗಳು ಮನೆಗೆ ಬಂದ್ರು, ನಾವು ‘ಟೀಚರ್’ ಅಂತೀವಿ. 76 ವರ್ಷ. ತುಂಬಾ ಕೇಳಿಕೊಂಡ ಮೇಲೆ ರಾಗ, ತಾನ ನುಡಿಸ್ತೀನಿ, ರೆಕಾರ್ಡ್ ಮಾಡ್ಕೊಳ್ಳಿ ಅಂತ ಒಪ್ಪಿದ್ದರು. ಕಿಟಕಿ ಮುಚ್ಚಿದ್ವಿ, ಸೀಲಿಂಗ್ ಫ್ಯಾನ್ ಆರಿಸಿದ್ವಿ. ಕೋಣೇಲಿ 34 ಡಿಗ್ರಿ. ಟೀಚರ್ ಸೆರಗಲ್ಲಿ ಬೆವರು ಒರೆಸ್ಕೊಂಡು ಶ್ರುತಿ ಮಾಡ್ಕೊಂಡ್ರು. ಎರಡು ಮೈಕು, ಹೆಡ್‌ಫೋನಿಗೆ ಧ್ವನಿ ತಿದ್ದೋ ಒಂದೆರಡು ಪ್ಲಗಿನ್, ಅದೇ ಮಿಷನಲ್ಲಿ ವಿಡಿಯೋ ಕೂಡ. ಜಾಸ್ತಿ ಏನಲ್ಲ, ಈ ಪ್ರೊಸೆಸರಿಗೆ ಆರಾಮಾಗಿ ಆಗೋ ಕೆಲಸ.

ಇಪ್ಪತ್ತೈದು ನಿಮಿಷ ಚೆನ್ನಾಗಿತ್ತು. ಆಮೇಲೆ ಹೆಡ್‌ಫೋನಲ್ಲಿ ‘ಚಟ್’. ಸ್ವಲ್ಪ ಹೊತ್ತು ಬಿಟ್ಟು ‘ಚಟ್ ಚಟ್’, ಒಗ್ಗರಣೆಗೆ ಸಾಸಿವೆ ಬಿದ್ದ ಹಾಗೆ. ಕೇಬಲ್ ಇರಬೇಕು ಅಂದ್ಕೊಂಡೆ. ಟೀಚರ್ ತಾನಕ್ಕೆ ಬಂದಿದ್ರು, ಕಣ್ಣು ಮುಚ್ಚಿದ್ರು, ನಿಲ್ಲಿಸಿ ಅನ್ನೋಕೆ ಬಾಯಿ ಬರಲಿಲ್ಲ. ಸಾಸಿವೆ ಸಿಡೀತಾನೇ ಇತ್ತು. ಕೊನೆಗೆ ಪರದೆ ಕಪ್ಪಾಯ್ತು. ಮಿಷನ್ ಆಫ್. ಟೀಚರ್ ಮಾತ್ರ ಇನ್ನೂ ಹತ್ತು ನಿಮಿಷ ನುಡಿಸಿದ್ರು. ಮುಗಿಸಿ ಕಣ್ಣು ಬಿಟ್ಟು, “ಬಂತೇನಪ್ಪಾ?” ಅಂದ್ರು.

ನಾನು ಏನೂ ಹೇಳಲಿಲ್ಲ. ಹೆಂಡತಿ ಹೇಳಿದ್ಲು. “ಇರಲಿ ಬಿಡು, ಇನ್ನೊಂದಿನ ನೋಡೋಣ, ಬೆರಳು ನೋಯ್ತಾ ಇದೆ” ಅಂದು ಕಾಫಿ ಕುಡಿದು ಹೋದ್ರು. ರಾತ್ರಿ ಹೆಂಡತಿ ಅಂದಿದ್ದು ಒಂದೇ ಮಾತು: “ಮೊದಲು ಫ್ಯಾನ್ ಸದ್ದಿನ ಜೊತೆ ವೀಣೆನಾದ್ರೂ ಇರ್ತಿತ್ತು.”

ಮೂರು ದಿನ ನಾನು ಕೇಬಲ್, ಡ್ರೈವರ್, ಬಫರ್ ಅಂತ ಒದ್ದಾಡಿದೆ. ಅಂಗಡಿಯವನಿಗೆ ಮೆಸೇಜ್ ಹಾಕಿದೆ. ಅವನ ಉತ್ತರಗಳು ಹಾಗೇ ಇವೆ, ಅಳಿಸಿಲ್ಲ:

“ವಿಂಡೋಸ್ ಪ್ರಾಬ್ಲಂ ಸಾರ್, ಫಾರ್ಮ್ಯಾಟ್ ಮಾಡಿ.”

ಮಾಡಿದೆ. ಅದೇ ಕಥೆ.

“ರೂಮ್ ಬಿಸಿ ಇದೆ ಸಾರ್. ಏಸಿ ಹಾಕ್ಸಿ.”

ಏಸಿ ಸದ್ದಲ್ಲಿ ವೀಣೆ ರೆಕಾರ್ಡಿಂಗಾ ಅಂತ ಕೇಳಿದೆ. ಒಂದು ದಿನ ಉತ್ತರ ಇಲ್ಲ. ಆಮೇಲೆ ಬಂತು ನೋಡಿ, ಈ ಮೆಸೇಜನ್ನ ಫ್ರೇಮ್ ಹಾಕಿಸಬೇಕು:

“ಸಾರ್ ಕ್ಯಾಬಿನೆಟ್ ಪಕ್ಕ ಒಂದು ಟೇಬಲ್ ಫ್ಯಾನ್ ಇಡಿ.”

ಟೇಬಲ್ ಫ್ಯಾನ್! 78,400 ಕೊಟ್ಟು ತಗೊಂಡ ಫ್ಯಾನ್ ಇಲ್ಲದ ಮಿಷನ್ನಿಗೆ ಟೇಬಲ್ ಫ್ಯಾನ್!

ಆವಾಗ ತಲೆಗೆ ಹತ್ತಿತು, ಇದು ಬಿಸಿಯ ಪ್ರಶ್ನೆ ಅಂತ. ಎಚ್‌ಡಬ್ಲ್ಯೂಇನ್‌ಫೋ ಅನ್ನೋ ಬಿಸಿ ತೋರಿಸೋ ಸಾಫ್ಟ್‌ವೇರ್ ಹಾಕಿಕೊಂಡು ಅದೇ ರೆಕಾರ್ಡಿಂಗ್ ಓಡಿಸಿದೆ. ಇಪ್ಪತ್ತು ನಿಮಿಷಕ್ಕೆ ಪ್ರೊಸೆಸರ್ 100 ಡಿಗ್ರಿ, ಕೆಂಪು ಅಕ್ಷರದಲ್ಲಿ. ಈ ಚಿಪ್ಪಿನ ಗಡಿಯೇ 100, ಅಲ್ಲಿಗೆ ಮುಟ್ಟಿದ್ರೆ ಸುಡದೇ ಇರೋಕೆ ತಾನೇ ವೇಗ ಇಳಿಸ್ಕೊಳ್ಳುತ್ತೆ. 4 ಗಿಗಾಹರ್ಟ್ಸ್ ಇದ್ದಿದ್ದು 1.1ಕ್ಕೆ ಇಳಿದಿತ್ತು. ನಾನು ಇಟ್ಟಿದ್ದು 48 ಕಿಲೋಹರ್ಟ್ಸ್, 128 ಸ್ಯಾಂಪಲ್ ಬಫರ್. ಅಂದ್ರೆ ಪ್ರತಿ 2.67 ಮಿಲಿಸೆಕೆಂಡಿಗೊಮ್ಮೆ ಒಂದು ತುತ್ತು ಧ್ವನಿ ರೆಡಿ ಮಾಡಿ ಕೊಡಬೇಕು. ಕುಂಟ್ಕೊಂಡು ಓಡೋ ಪ್ರೊಸೆಸರಿಗೆ ಅಷ್ಟರಲ್ಲಿ ಆಗಲ್ಲ. ತಪ್ಪಿದ ಪ್ರತಿ ತುತ್ತೂ ಒಂದು ‘ಚಟ್’.

ಆ ಹೊತ್ತಲ್ಲಿ ಅಭ್ಯಾಸಬಲದಿಂದ ಕ್ಯಾಬಿನೆಟ್ ಮುಟ್ಟಿದೆ.

ತಣ್ಣಗಿತ್ತು.

ಒಳಗೆ 100 ಡಿಗ್ರಿ, ಹೊರಗೆ ತಣ್ಣಗೆ. ಬಾಡಿನೇ ಹೀಟ್‌ಸಿಂಕ್ ಆಗಿದ್ರೆ ಬಾಡಿ ಕಾಯಬೇಕಲ್ವಾ? ಇಷ್ಟು ದಿನ ಊರಿಗೆಲ್ಲ ತೋರಿಸಿ ಹೆಮ್ಮೆಪಟ್ಟಿದ್ದೆನಲ್ಲ ತಣ್ಣಗಿದೆ ಅಂತ, ಅದೇ ರೋಗ. ಸ್ಕ್ರೂ ಬಿಚ್ಚಿದೆ. ಪಕ್ಕದ ಫಿನ್‌ಗಳು ಬರೀ ಅಲಂಕಾರ, ತಗಡಿಗೆ ನಾಲ್ಕು ಸ್ಕ್ರೂ ಹಾಕಿ ಕೂರಿಸಿದ್ದು. ಪ್ರೊಸೆಸರಿನಿಂದ ಅಲ್ಲಿಗೆ ಬಿಸಿ ಸಾಗಿಸೋ ಒಂದೇ ಒಂದು ತಾಮ್ರದ ಹೀಟ್‌ಪೈಪ್ ಇಲ್ಲ, ಏನೂ ಇಲ್ಲ. ಪ್ರೊಸೆಸರ್ ಮೇಲೆ ಕೂತಿದ್ದು ಡಬ್ಬಿ ಜೊತೆ ಬಿಟ್ಟಿ ಬರೋ ಮಾಮೂಲಿ ಗುಂಡನೆ ಕೂಲರ್. ಅದರ ಫ್ಯಾನ್ ಕಿತ್ತಿದ್ರು. ಫ್ಯಾನ್ ಹಿಡ್ಕೊಳ್ಳೋ ಪ್ಲಾಸ್ಟಿಕ್ ಕ್ಲಿಪ್ಪುಗಳು ಹಾಗೇ ಇದ್ವು, ಒಂದು ಮುರಿದಿತ್ತು, ಸ್ಕ್ರೂಡ್ರೈವರಲ್ಲಿ ಮೀಟಿದ ಗೀರು ಸಮೇತ.

9,500ರ ಮಾಡಿಫಿಕೇಶನ್ ಅಂದ್ರೆ ಇದು. ಕಿತ್ತಿದ್ದು.

ಗೊತ್ತಿಲ್ಲದೆ ಮಾಡಿದ್ನಾ? ಇಲ್ಲ. ಪ್ರೊಸೆಸರ್ ಫ್ಯಾನ್ ಕಾಣದಿದ್ರೆ ಈ ಮದರ್‌ಬೋರ್ಡು ಪ್ರತಿಸಲ ಆನ್ ಮಾಡಿದಾಗ್ಲೂ ಎಫ್1 ಒತ್ತು ಅಂತ ಕೂಗುತ್ತೆ. ಬೋರ್ಡಿನ ಸೆಟ್ಟಿಂಗ್ ಇರೋ ಬಯಾಸ್‌ಗೆ ಹೋಗಿ ನೋಡಿದೆ, ಫ್ಯಾನ್ ಸ್ಪೀಡ್ ಕಡೆ ‘ಇಗ್ನೋರ್’ ಅಂತ ಇಟ್ಟಿದ್ದ. ಬಾಯಿ ಮುಚ್ಚಿಸಿ ಕಳಿಸಿದ್ದ. ‘ಝೀರೋ ಫ್ಯಾನ್’ ಅಂದಿದ್ದನಲ್ಲ, ಎಸ್‌ಎಂಪಿಎಸ್ (ಮಿಷನ್ನಿಗೆ ಕರೆಂಟ್ ಕೊಡೋ ಡಬ್ಬಿ) ಒಳಗೆ ಮಾತ್ರ ಒಂದು ಫ್ಯಾನ್ ತನ್ನ ಪಾಡಿಗೆ ತಿರುಗ್ತಾ ಇತ್ತು! ಇಷ್ಟು ದಿನ ಅದರ ಸದ್ದು ನನಗೆ ಕೇಳಿಸೇ ಇರಲಿಲ್ಲ. ಅಂದ್ರೆ ನಿಧಾನಕ್ಕೆ ತಿರುಗೋ ಫ್ಯಾನ್ ಮೊದಲ ದಿನದಿಂದ ನನ್ನ ಕೋಣೇಲೇ ಇತ್ತು, ನಾನು ಅದನ್ನ ‘ಫ್ಯಾನ್ ಇಲ್ಲದ ನಿಶ್ಶಬ್ದ’ ಅಂತ ಹೊಗಳ್ತಾ ಇದ್ದೆ.

ಹೆಂಡತಿ ಅಟ್ಟದಿಂದ ಖಾಲಿ ಡಬ್ಬಿ ಇಳಿಸಿದ್ಲು, ಬಿಲ್ ಹುಡುಕೋಕೆ. ಡಬ್ಬಿ ಒಳಗೆ ಪ್ಲಾಸ್ಟಿಕ್ ಕವರಲ್ಲಿ ಆ ಫ್ಯಾನ್. ಹೊಚ್ಚ ಹೊಸದು. ನಮ್ಮ ಅಟ್ಟದ ಮೇಲೇ ಇತ್ತು.

ಫೋನ್ ಮಾಡಿದೆ. “ನೀವೇ ಸೈಲೆಂಟ್ ಕೇಳಿದ್ರಲ್ಲ ಸಾರ್, ಸೈಲೆಂಟ್ ಕೊಟ್ವಿ” ಅಂದ. ಫಿನ್ ಯಾಕೆ ಅಂದೆ. “ಲುಕ್ ಸಾರ್.” ಫ್ಯಾನ್ ನಾನೇ ವಾಪಸ್ ಹಾಕ್ತೀನಿ ಅಂದೆ. “ಹಾಕಿದ್ರೆ ವಾರಂಟಿ ಹೋಗುತ್ತೆ ಸಾರ್.” ಡಬ್ಬಿ ಜೊತೆ ಬಂದ ಫ್ಯಾನನ್ನ ಅದರ ಜಾಗದಲ್ಲೇ ಹಾಕಿದ್ರೆ ವಾರಂಟಿ ಹೋಗುತ್ತಂತೆ!

ಪ್ರೊಸೆಸರಿಗೆ ಫ್ಯಾನ್ ಬೇಕೇಬೇಕಾ ಅಂತ ಈಗ ಎಲ್ಲರೂ ನನ್ನನ್ನೇ ಕೇಳ್ತಾರೆ, ಸುಟ್ಟುಕೊಂಡೋನು ಅಂತ. ಚಿತ್ರಾನ್ನಕ್ಕೆ ಅನ್ನ ಆರಿಸೋದು ಹೇಗೆ? ಅಗಲ ತಟ್ಟೆಗೆ ಹರಡಿ ಸುಮ್ಮನೆ ಬಿಡಬಹುದು, ಇಲ್ಲಾ ಬೀಸಣಿಗೆಯಲ್ಲಿ ಬೀಸಬಹುದು. ಹರಡದೆ, ಬೀಸದೆ, ಕುಕ್ಕರಲ್ಲೇ ಮುಚ್ಚಿಟ್ರೆ ಆರುತ್ತಾ? ಇವನು ಮಾಡಿದ್ದು ಮೂರನೇದು. ಹರಡೋ ದಾರಿನೂ ಇದೆ, ಸುಳ್ಳಲ್ಲ. ಕೂಲರ್ ಮಾಡೋ ನಾಕ್ಟುವಾ ಕಂಪನಿಯವರು 2021ರಲ್ಲಿ ಎನ್‌ಎಚ್-ಪಿ1 ಅಂತ ಫ್ಯಾನ್ ಇಲ್ಲದ ಕೂಲರ್ ತಂದ್ರು, ಒಂದು ಕೆಜಿಗೂ ಮೇಲೆ ತೂಕ, ಆರು ಹೀಟ್‌ಪೈಪ್, ಬೆರಳು ತೂರಿಸೋ ಅಂತರದಲ್ಲಿ ದಪ್ಪ ದಪ್ಪ ಫಿನ್. ಬಿಸಿ ಗಾಳಿ ತಾನಾಗೇ ಮೇಲೇರಬೇಕಂದ್ರೆ ಅಷ್ಟು ಜಾಗ ಬೇಕು, ಮೇಲೆ ತೆರೆದ ಕ್ಯಾಬಿನೆಟ್ಟೂ ಬೇಕು. ಫ್ಯಾನಿಗೆ ಅಂತ ಮಾಡಿದ ಒತ್ತೊತ್ತು ಫಿನ್ನಿನ ಪುಟಾಣಿ ಕೂಲರಿಂದ ಫ್ಯಾನ್ ಕಿತ್ರೆ ಅದು ಪ್ಯಾಸಿವ್ ಕೂಲರ್ ಆಗಲ್ಲ, ಫ್ಯಾನ್ ಕಿತ್ತ ಕೂಲರ್ ಆಗುತ್ತೆ ಅಷ್ಟೇ. ಐ5-12400ಗೆ ಮಾಮೂಲಿಗೆ (ಬೇಸ್) 65 ವ್ಯಾಟ್, ಜೋರಾಗಿ ಓಡೋವಾಗ (ಟರ್ಬೋ) 117ರ ತನಕ ಎಳೆಯುತ್ತೆ. ಅಷ್ಟು ಬಿಸಿ ಎಲ್ಲಿಗೆ ಹೋಗಬೇಕು?

ಬರೀ ಹಾಡು ಕೇಳೋಕಾದ್ರೆ ಫ್ಯಾನ್ ಬೇಡ, ಒಪ್ತೀನಿ. ಆದ್ರೆ ಆಗ ಈ ಪ್ರೊಸೆಸರೂ ಬೇಡ. 6 ವ್ಯಾಟಿನ ಎನ್100 ಪ್ರೊಸೆಸರ್ ಇರೋ ಪುಟ್ಟ ಡಬ್ಬಿ, ಇಲ್ಲಾ ಹೀಟ್‌ಸಿಂಕ್ ಹಾಕಿದ ರಾಸ್ಪ್‌ಬೆರಿ ಪೈ ಅನ್ನೋ ಪುಟಾಣಿ ಕಂಪ್ಯೂಟರ್, ಧಾರಾಳ ಸಾಕು. ರೆಕಾರ್ಡಿಂಗ್, ಮಿಕ್ಸಿಂಗ್ ಅಂದ್ರೆ ಫ್ಯಾನಿಗೆ ಹೆದರಬೇಡಿ, ಚಿಕ್ಕ ಫ್ಯಾನ್ ಜೋರಾಗಿ ತಿರುಗೋದಕ್ಕೆ ಹೆದರಿ. ಒಂದೇ ಫ್ಯಾನಿನ ವೇಗ ಅರ್ಧ ಮಾಡಿದ್ರೆ ಸದ್ದು ಸುಮಾರು 15 ಡೆಸಿಬಲ್ ಬೀಳುತ್ತೆ, ಅದು ಸಣ್ಣ ಲೆಕ್ಕ ಅಲ್ಲ.

ನಾನು ಕೊನೆಗೆ ಮಾಡಿದ್ದು: 2,100 ಕೊಟ್ಟು ಒಂದು ಟವರ್ ಕೂಲರ್, 120 ಮಿಲಿಮೀಟರ್ ಫ್ಯಾನ್. ಬಯಾಸಲ್ಲಿ ಪವರ್ 65 ವ್ಯಾಟಿಗೆ ಕಟ್ಟಿಹಾಕಿದೆ, ಫ್ಯಾನನ್ನ ನಿಮಿಷಕ್ಕೆ 550 ಸುತ್ತಿಗೆ ಇಟ್ಟೆ. ಅದೇ ಕೋಣೆ, ಅದೇ ಕಿಟಕಿ ಮುಚ್ಚಿ, ಒಂದು ಗಂಟೆ ರೆಕಾರ್ಡಿಂಗ್, 62 ಡಿಗ್ರಿ ದಾಟಲಿಲ್ಲ. ಮೈಕು ಐದಡಿ ದೂರ. ಖಾಲಿ ರೆಕಾರ್ಡಿಂಗ್ ವಾಲ್ಯೂಮ್ ಏರಿಸಿ ಕೇಳಿದೆ, ಫ್ಯಾನ್ ಹುಡುಕಿದೆ. ಸಿಕ್ಕಿದ್ದು ಪಕ್ಕದ ಮನೆ ನೀರಿನ ಮೋಟಾರು ಮತ್ತು ನನ್ನದೇ ಉಸಿರು.

ತಗೊಳ್ಳೋರಿಗೆ: ಅಂಗಡೀಲಿ ಕಿವಿ ಇಡಬೇಡಿ, ಕೈ ಇಡಿ. ಅರ್ಧ ಗಂಟೆ ಪೂರ್ತಿ ಲೋಡ್ ಹಾಕಿಸಿ, ಟೆಂಪರೇಚರ್ ಪರದೆ ಮೇಲೆ ತೋರಿಸು ಅನ್ನಿ. ಬಾಡಿನೇ ಹೀಟ್‌ಸಿಂಕ್ ಅಂದ್ರೆ ಬಾಡಿ ಬಿಸಿಯಾಗಲೇಬೇಕು, ತಣ್ಣಗಿದ್ರೆ ಎದ್ದು ಬನ್ನಿ. ಪಕ್ಕದ ಮುಚ್ಚಳ ತೆಗೆಸಿ ಹೀಟ್‌ಪೈಪ್ ಕಣ್ಣಾರೆ ನೋಡಿ. ಬಿಲ್ಲಲ್ಲಿ ‘ಮಾಡಿಫಿಕೇಶನ್’ ಅಂತ ಇದ್ರೆ ಏನು ಹಾಕಿದ್ರಿ ಅಂತ ಬರೆಸ್ಕೊಳ್ಳಿ. ಏನು ಕಿತ್ರಿ ಅಂತಾನೂ ಬರೆಸ್ಕೊಳ್ಳಿ!

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೀನಿ. ಷಡ್ಡಕನ 5,000 ವಾಪಸ್ ಬಂತು, ಆದ್ರೆ ಅವರು ಈಗ ನನ್ನ ಹತ್ರ ಮೊಬೈಲ್ ಚಾರ್ಜರ್ ಬಗ್ಗೆ ಕೂಡ ಸಲಹೆ ಕೇಳಲ್ಲ. ಟೀಚರ್ ದಸರಾ ಆದ ಮೇಲೆ ಬರ್ತೀನಿ ಅಂದಿದಾರೆ.

ದೂರು ಹೋದ ನಾಲ್ಕನೇ ದಿನ ಅಂಗಡಿಯವನ ಮೆಸೇಜ್ ಬಂತು. 9,500 ರಿಫಂಡ್ ಮಾಡ್ತಾನಂತೆ, ಆದ್ರೆ ಕ್ಯಾಬಿನೆಟ್ಟು, ಕೂಲರ್ ಎಲ್ಲ ಒರಿಜಿನಲ್ ಡಬ್ಬಿ ಸಮೇತ ಹಿಂದಕ್ಕೆ ಕೊಡಬೇಕಂತೆ. ಕೆಳಗೆ ಇನ್ನೊಂದು ಸಾಲು: “ಫ್ಯಾನ್ ಮಿಸ್ ಆಗಿರಬಾರದು ಸಾರ್. ಫ್ಯಾನ್ ಇಲ್ಲದಿದ್ರೆ ಕೂಲರ್ ಕಂಪ್ಲೀಟ್ ಅಲ್ಲ.”