ಅಮ್ಮನ ವಸಡಿನ ಡೀಪ್ ಕ್ಲೀನಿಂಗ್: ನಾಲ್ಕು ಸಲ ಹೋಗಿ ಬಂದ ಮೇಲೆ

ಅಮ್ಮನಿಗೆ ರುಮಟಾಯ್ಡ್ ಆರ್ಥ್ರೈಟಿಸ್ ಇದೆ, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಆಗುವುದಿಲ್ಲ, ಹಾಲಿನ ಪ್ಯಾಕೆಟ್ ಕತ್ತರಿಸಲೂ ನನ್ನನ್ನೇ ಕರೆಯುತ್ತಾರೆ. ಹಲ್ಲುಜ್ಜುವಾಗ ರಕ್ತ ಬರುವುದು ಮಾತ್ರ ಎಷ್ಟೋ ವರ್ಷದಿಂದ ಇತ್ತು, ನಾವ್ಯಾರೂ ತಲೆಗೆ ಹಚ್ಚಿಕೊಂಡಿರಲಿಲ್ಲ. ಕೀಲಿನ ಡಾಕ್ಟರೇ "ವಸಡು ತೋರಿಸಿದ್ದೀರಾ ಅಮ್ಮಾ?" ಅಂತ ಕೇಳಿದರು.

ಮೊದಲು ಹೋದ ಕ್ಲಿನಿಕ್‌ನಲ್ಲಿ ಕಾಲು ಗಂಟೆ ಮೇಲೆ ಮೇಲೆ ಉಜ್ಜಿ ಕಳಿಸಿದರು. ವಸಡು ಅಳೆಯಲೇ ಇಲ್ಲ. ಆಮೇಲೆ ಮನೆ ಹತ್ತಿರದ ವಸಡಿನ ಸ್ಪೆಷಲಿಸ್ಟ್ ಹತ್ತಿರ ಹೋದೆವು, ಅವರ ಬಗ್ಗೆಯೇ ಈ ರಿವ್ಯೂ. ಒಂದೊಂದು ಹಲ್ಲಿಗೂ ಆರು ಕಡೆ, ಹಲ್ಲು ಮತ್ತು ವಸಡಿನ ನಡುವಿನ ಸಂದಿಗೆ ಸಣ್ಣ ಕಡ್ಡಿ ಇಳಿಸಿ ಆಳ ಅಳೆದರು. 3 ಮಿಲಿಮೀಟರ್ ಒಳಗಿದ್ದರೆ ಸರಿ, ಅಮ್ಮನ ದವಡೆ ಹಲ್ಲುಗಳಲ್ಲಿ 6 ಇತ್ತು! ಆ ಸಂದಿಯಲ್ಲಿ ಬೆಳೆಯುವ ಪೋರ್ಫಿರೋಮೊನಾಸ್ ಜಿಂಜಿವಾಲಿಸ್ ಅನ್ನುವ ಬ್ಯಾಕ್ಟೀರಿಯಾ ನಮ್ಮ ಪ್ರೋಟೀನುಗಳ ರೂಪವನ್ನೇ ಸ್ವಲ್ಪ ಬದಲಾಯಿಸುತ್ತದಂತೆ, ದೇಹ ಅದನ್ನು ಹೊರಗಿನದು ಅಂದುಕೊಂಡು ಅದರ ವಿರುದ್ಧ ಹೋರಾಡುವ ಆಂಟಿಬಾಡಿ ಮಾಡಬಹುದು, ಅಮ್ಮನ ರಿಪೋರ್ಟಿನಲ್ಲಿ ಪಾಸಿಟಿವ್ ಬಂದಿದ್ದ ಆಂಟಿ-ಸಿಸಿಪಿ ಟೆಸ್ಟ್ ಹುಡುಕುವುದು ಅಂಥ ಆಂಟಿಬಾಡಿಯನ್ನೇ. ಇನ್ನೊಂದು ಬ್ಯಾಕ್ಟೀರಿಯಾದ ವಿಷ ಬಿಳಿ ರಕ್ತಕಣಗಳಲ್ಲಿ ಇದೇ ಬದಲಾವಣೆ ತರುತ್ತದೆ ಅಂತ 2016ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರು ತೋರಿಸಿದ್ದಾರೆ. ಆದರೆ ಕೀಲಿನ ಕಾಯಿಲೆಗೆ ಇದೇ ಕಾರಣ ಅಂತ ಸಾಬೀತಾಗಿಲ್ಲ, ಕ್ಲೀನಿಂಗ್ ಆಯಿತು ಅಂತ ಕೀಲಿನ ಮಾತ್ರೆ ಬಿಡಬೇಡಿ ಅಂತ ವಸಡಿನ ಡಾಕ್ಟರ್ ಎರಡೆರಡು ಸಲ ಹೇಳಿದರು. ಅದು ನನಗೆ ತುಂಬಾ ಹಿಡಿಸಿತು.

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ವಸಡಿನ ಕೆಳಗೆ ಹಲ್ಲಿಗೆ ಗಟ್ಟಿಯಾಗಿ ಅಂಟಿದ್ದ ಗಾರೆಯನ್ನೆಲ್ಲ ತೆಗೆದರು. ಬಾಯಿಯ ಕಾಲು ಭಾಗಕ್ಕೆ ಒಂದು ಸಲದಂತೆ ನಾಲ್ಕು ಸಲ. ಅಮ್ಮನಿಗೆ ದವಡೆಯ ಕೀಲೂ ನೋಯುತ್ತದೆ, ಜಾಸ್ತಿ ಹೊತ್ತು ಬಾಯಿ ತೆರೆದಿರಲು ಆಗದು. ಮೊದಲ ದಿನ ಇದನ್ನು ಯಾರೂ ಕೇಳಲಿಲ್ಲ, ಮನೆಗೆ ಬಂದ ಮೇಲೆ ಅವರಿಗೆ ಅನ್ನ ಅಗಿಯಲೂ ಆಗಲಿಲ್ಲ, ನನಗೆ ಸಂಕಟವಾಯಿತು. ಹೇಳಿದ ಮೇಲೆ ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿದರು. ನಿಮ್ಮ ಮನೆಯವರಿಗೂ ಹೀಗಿದ್ದರೆ ಮೊದಲೇ ಹೇಳಿಬಿಡಿ.

ಮೂರು ತಿಂಗಳಾದ ಮೇಲೆ ಮತ್ತೆ ಅಳೆದರು. 6 ಇದ್ದದ್ದು 4ಕ್ಕೆ ಬಂದಿದೆ, ರಕ್ತ ನಿಂತಿದೆ. ಬೆರಳಿನ ಬಿಗಿತ ಸ್ವಲ್ಪ ಕಡಿಮೆ ಅಂತ ಅಮ್ಮ ಅನ್ನುತ್ತಾರೆ, ಅದು ಮಾತ್ರೆಯಿಂದಲೂ ಇರಬಹುದು ಅಲ್ವಾ. ಹಲ್ಲಿನ ಸಂದಿಗೆ ಹಾಕುವ ಪುಟ್ಟ ಬ್ರಶ್‌ನ ಹಿಡಿ ತೀರಾ ಸಣ್ಣ, ಅಮ್ಮನ ಕೈಗೆ ಸಿಗುತ್ತಿರಲಿಲ್ಲ. ಅಲ್ಲಿನ ಸಿಸ್ಟರ್ ಹೇಳಿಕೊಟ್ಟಂತೆ ಅದಕ್ಕೆ ಹಳೇ ಬಟ್ಟೆ ದಪ್ಪಗೆ ಸುತ್ತಿ ಕಟ್ಟಿದ್ದೇನೆ. ಈಗ ರಾತ್ರಿ ಅವರೇ ಮಾಡಿಕೊಳ್ಳುತ್ತಾರೆ.